ಗಣಕಯಂತ್ರದ ಬರಹದಲ್ಲಿ ಉದ್ಧರಣ ಚಿಹ್ನೆಗಳು

ಒಬ್ಬರ ಮಾತನ್ನು ಇದ್ದಂತೆಯೇ ಬರೆಯುವಾಗ ಉದ್ಧರಣ ಚಿಹ್ನೆಯನ್ನೂ, ಪಾರಿಭಾಷಿಕ ಪದವನ್ನು ಬೇರೆಯಾಗಿ ತೋರಿಸುವಾಗ ವಾಕ್ಯವೇಷ್ಟನ ಚಿಹ್ನೆಯನ್ನೂ ಬಳಸಬೇಕೆಂದು ನಾವು ವ್ಯಾಕರಣದಲ್ಲಿ ಕಲಿತಿದ್ದೇವೆ. ಮೊದಲನೆಯದು ಜೋಡಿ ಗುರುತು, ಎರಡನೆಯದು ಒಂಟಿ ಗುರುತು. ಇವುಗಳನ್ನು ಬಿಟ್ಟರೂ ಕನ್ನಡ ಓದುಗನಿಗೆ ಹೆಚ್ಚಿನ ತೊಡಕಿಲ್ಲ. ಮಾತು ಮುಗಿದುದನ್ನು ‘ಎಂದು’ ಎಂಬ ಪದವೇ ತಿಳಿಸುತ್ತದೆ. ಗಣಕಯಂತ್ರಕ್ಕಾದರೋ ಇಂತಹ ಊಹೆ ಇಲ್ಲ.

ಜಾಲಪುಟಗಳನ್ನು ಸಿದ್ಧಪಡಿಸುವವರು ‘ಟೆಂಪ್ಲೇಟ್’ ಎಂಬ ಮಾದರಿಯನ್ನು ಇಟ್ಟುಕೊಳ್ಳುತ್ತಾರೆ. ಅದು ಹೆಸರಿಗೆ ತೆರಪು ಬಿಟ್ಟು ಅಚ್ಚುಹಾಕಿಸಿದ ಪ್ರಶಸ್ತಿಪತ್ರದಂತಿರುತ್ತದೆ. ಆ ತೆರಪಿನಲ್ಲಿ ಏನು ಬರಬೇಕೆಂಬುದನ್ನು ಒಂದು ಸೂತ್ರದಿಂದ ತಿಳಿಸಬೇಕು. ಸೂತ್ರದಲ್ಲಿ ಚಿಹ್ನೆಯಿಲ್ಲದ ಪದವಿದ್ದರೆ, ಯಂತ್ರವು ಅದನ್ನು ಒಂದು ಪೆಟ್ಟಿಗೆಯ ಹೆಸರೆಂದು ತಿಳಿದು ಒಳಗಿರುವುದನ್ನು ಹುಡುಕುತ್ತದೆ. ಅಂತಹ ಪೆಟ್ಟಿಗೆಯಿಲ್ಲದಿದ್ದರೆ, ‘ಜಿಂಜಾ’ ಎಂಬ ಟೆಂಪ್ಲೇಟ್ ಭಾಷೆಯಲ್ಲಿ ಸಾಮಾನ್ಯವಾಗಿ ತೆರಪು ಖಾಲಿಯಾಗಿಯೇ ಉಳಿಯುತ್ತದೆ. ಚಿಹ್ನೆಗಳ ನಡುವಣ ಅಕ್ಷರಗಳು ಮಾತ್ರ ಇದ್ದಂತೆಯೇ ಮೂಡುತ್ತವೆ. ಒಂಟಿ, ಜೋಡಿ ಎರಡೂ ಅಲ್ಲಿ ಸಲ್ಲುತ್ತವೆ. ಆದರೆ ಯಾವುದರಿಂದ ತೆರೆದೆವೋ ಅದರಿಂದಲೇ ಮುಚ್ಚತಕ್ಕದ್ದು.

ಗೋವೆಯಲ್ಲಿ ವಾಸಿಸುವ ನಮಗೆ ಡಿ'ಸೋಜ, ಡಿ'ಮೆಲ್ಲೊ ಮುಂತಾದ ಹೆಸರುಗಳು ನಿತ್ಯಪರಿಚಿತ. ಇವುಗಳ ನಡುವೆಯೇ ಒಂಟಿ ಗುರುತೊಂದಿದೆ. 'ಡಿ'ಸೋಜ' ಎಂದು ಸೂತ್ರದಲ್ಲಿ ಬರೆದರೆ, ‘ಡಿ’ ಎಂಬಲ್ಲಿಯೇ ಹೆಸರು ಮುಗಿಯಿತೆಂದು ಯಂತ್ರವು ತಿಳಿಯುತ್ತದೆ. ಉಳಿದುದು ಅರ್ಥವಾಗದೆ ಪುಟವೇ ಕೆಡುತ್ತದೆ. ಆಗ ಹೆಸರಿನ ಗುರುತನ್ನೇ ಅಳಿಸಿಬಿಡುವುದು ಸುಲಭವೆಂದು ತೋರಬಹುದು. ಅದು ಸಲ್ಲದು. ಒಂದು ದಾಖಲೆಯಲ್ಲಿ ಒಂದು ಬಗೆ, ಮತ್ತೊಂದರಲ್ಲಿ ಇನ್ನೊಂದು ಬಗೆಯಾಗಿ ಹೆಸರಿದ್ದರೆ, ಮುಂದೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದವನು ವಿದ್ಯಾರ್ಥಿಯೇ. ಆದುದರಿಂದ ಈ ನಿಯಮಗಳನ್ನು ನೆನಪಿಡಬೇಕು:

1. ಹೆಸರಿನೊಳಗೆ ಒಂಟಿ ಗುರುತಿದ್ದರೆ ಹೊರಗೆ ಜೋಡಿ ಗುರುತನ್ನು ಹಾಕಬೇಕು: "ಡಿ'ಸೋಜ".

2. ‘ವ್ಯೂ’ದಂತಹ ವ್ಯವಸ್ಥೆಗಳಲ್ಲಿ ಇಡೀ ಸೂತ್ರವೇ ಜೋಡಿ ಗುರುತುಗಳ ನಡುವೆ ಇರುವುದುಂಟು. ಆಗ ಒಳಗೆ ಒಂಟಿಯನ್ನೇ ಬಳಸಿ, ಹೆಸರಿನ ಗುರುತಿನ ಹಿಂದೆ ಓರೆಗೆರೆಯನ್ನು ಎಳೆಯಬೇಕು: 'ಡಿ\'ಸೋಜ'. ಮುಂದಿನ ಗುರುತು ಮುಕ್ತಾಯವಲ್ಲವೆಂದು ಈ ಗೆರೆ ಸೂಚಿಸುತ್ತದೆ; ಪುಟದಲ್ಲಿ ಅದು ಕಾಣಿಸದು.

3. ಪತ್ರ ಬರೆಯುವ ತಂತ್ರಾಂಶಗಳು ತಾವಾಗಿಯೇ ಹಾಕುವ ಬಾಗಿದ ಗುರುತುಗಳಿಂದ ಸೂತ್ರವನ್ನು ತೆರೆಯಲೂ ಮುಚ್ಚಲೂ ಆಗದು. ನೇರವಾದ ಗುರುತುಗಳೇ ಬೇಕು.

4. ಹೆಸರುಗಳು ಹಲವಾಗಿದ್ದರೆ ಅವನ್ನು ಬೇರೆ ಪಟ್ಟಿಯಲ್ಲಿಟ್ಟು, ಸೂತ್ರದಲ್ಲಿ ಪೆಟ್ಟಿಗೆಯ ಹೆಸರನ್ನಷ್ಟೇ ಬರೆಯುವುದು ಉತ್ತಮ. ಪಟ್ಟಿಯಿಂದ ಬಂದ ಹೆಸರಿನ ಗುರುತನ್ನು ಯಂತ್ರವು ಸೂತ್ರದ ಭಾಗವೆಂದು ಓದುವುದಿಲ್ಲ.

ಯಂತ್ರದ ಅನುಕೂಲಕ್ಕಾಗಿ ಮಗುವಿನ ಹೆಸರನ್ನು ತಿದ್ದಬಾರದು. ಹೆಸರಿಗಾಗಿ ಸೂತ್ರವನ್ನು ತಿದ್ದಿಕೊಳ್ಳಬೇಕು. ಗಣಕಯಂತ್ರವನ್ನು ಕಲಿಯುತ್ತಿರುವ ನಮ್ಮ ವಿದ್ಯಾರ್ಥಿಗಳು ಇದನ್ನು ಮನಗಾಣುವರೆಂದು ನಂಬಿದ್ದೇವೆ.