ಹೆಸರಿಗೆ ತಕ್ಕ ನೆಲೆ

ಗ್ರಂಥಾಲಯದ ಪಟ್ಟಿಯಲ್ಲಿ ಒಂದು ಕಪಾಟನ್ನು ಸೂಚಿಸಿ, ಪುಸ್ತಕವನ್ನು ಬೇರೊಂದರಲ್ಲಿ ಇರಿಸಿದರೆ ಪುಸ್ತಕವಿದ್ದೂ ಇಲ್ಲದಂತೆಯೇ ಸರಿ. ಗಣಕಯಂತ್ರಗಳ ವಿಷಯದಲ್ಲಿಯೂ ಇಂಥದೊಂದು ನಿಯಮವುಂಟು.

ಅನೇಕ ಗಣಕಗಳನ್ನು ಒಂದೇ ಲಿಖಿತ ವಿಧಿಯಂತೆ ಸಜ್ಜುಗೊಳಿಸುವ ‘ಪಪೆಟ್’ ಎಂಬ ಸಾಧನವನ್ನು ಲ್ಯೂಕ್ ಕ್ಯಾನೀಸರು 2005ರಲ್ಲಿ ಹೊರತಂದರು. ಒಂದು ಕೆಲಸಕ್ಕೆ ಸೇರಿದ ವಿಧಿಗಳ ಕಟ್ಟನ್ನು ಅಲ್ಲಿ ‘ಕ್ಲಾಸ್’ ಎನ್ನುತ್ತಾರೆ. ಅದರ ಹೆಸರೇ ಅದರ ವಿಳಾಸ. ಗಣಕದ ಗಡಿಯಾರವನ್ನು ಸರಿಯಾಗಿಡುವ ‘ಎನ್‌ಟಿಪಿ::ಸರ್ವಿಸ್’ ಎಂಬ ಕ್ಲಾಸು, ‘ಎನ್‌ಟಿಪಿ’ ಫೋಲ್ಡರಿನೊಳಗಣ ‘ಮ್ಯಾನಿಫೆಸ್ಟ್ಸ್’ ಫೋಲ್ಡರಿನಲ್ಲಿ, ‘ಸರ್ವಿಸ್.ಪಿಪಿ’ ಎಂಬ ಕಡತದಲ್ಲಿಯೇ ಇರತಕ್ಕದ್ದು. ಬರಿಯ ‘ಎನ್‌ಟಿಪಿ’ ಕ್ಲಾಸು ‘ಇನಿಟ್.ಪಿಪಿ’ಯಲ್ಲಿ. ನೆಲೆ ತಪ್ಪಿದರೆ ‘ಪಪೆಟ್-ಲಿಂಟ್’ ಎಂಬ ಪರೀಕ್ಷಕವು ಎಚ್ಚರಿಸುತ್ತದೆ.

ಆಗ ನಾವು ಕ್ರಮವಾಗಿ ನೋಡತಕ್ಕವು ಮೂರು. ಕ್ಲಾಸಿನ ಹೆಸರೂ ಕಡತದ ಹೆಸರೂ ಅಕ್ಷರಶಃ ಹೊಂದುತ್ತವೆಯೆ? ಒಂದೇ ಕಡತದಲ್ಲಿ ಎರಡು ಕ್ಲಾಸುಗಳು ಸೇರಿವೆಯೆ? ಹೊರಗಿನ ಫೋಲ್ಡರಿಗೆ ‘ಪಪೆಟ್-ಎನ್‌ಟಿಪಿ’ ಎಂಬಂಥ ಬೇರೆ ಹೆಸರು ಬಿದ್ದಿದೆಯೆ? ಕಡತವನ್ನೇ ತಿರುವಿ ಹಾಕುವವರಿಗೆ ಈ ಮೂರನೆಯದು ಸುಲಭವಾಗಿ ಹೊಳೆಯದು. ಈ ಹೆಸರುಗಳಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ, ಅಂಡರ್‌ಸ್ಕೋರ್‌ಗಳಿಗೆ ಎಡೆಯುಂಟು, ಹೈಫನ್ನಿಗಿಲ್ಲ.

ಎಚ್ಚರಿಕೆಯ ಬಾಯಿ ಮುಚ್ಚಿಸುವ ಉಪಾಯವೂ ಉಂಟು, ಅದು ಸಲ್ಲದು. ಇಂದು ಅಲಕ್ಷಿಸಿದ ಎಚ್ಚರಿಕೆಯು ನಾಳೆ ‘ಕ್ಲಾಸು ಸಿಕ್ಕಲಿಲ್ಲ’ ಎಂಬ ದೋಷವಾಗಿ ಗಣಕಗಳ ಸಿದ್ಧತೆಯನ್ನೇ ತಡೆದೀತು. ತಿದ್ದುವ ಮಾತು ಕಟುವಾದರೂ ಹಿತವೆಂಬುದನ್ನು ವಿದ್ಯಾರ್ಥಿಗಳು ಮರೆಯದಿರಲಿ.