ಎರಡನೆಯ ಸೈಕಲ್

ಮುಂಬಯಿಯ ಮುಲುಂಡ್ ಕಾಲನಿ, ಯೋಗಿ ಹಿಲ್ಸ್ ಕಡೆ ಹೋದರೆ ಕಟ್ಟಡಗಳು ಮುಗಿದಲ್ಲಿಂದಲೇ ಬೆಟ್ಟ ಏಳುತ್ತದೆ. ಅದರಾಚೆ ಸುಮಾರು 100 ಚದರ ಕಿಲೋಮೀಟರ್ ಹರಡಿರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಪೂರ್ವಕ್ಕೆ ತಿರುಗಿದರೆ ಉಪ್ಪಿನ ಆಗರಗಳು, ಥಾಣೆ ಖಾಡಿ, ಖಾಡಿ ದಾಟಿಸುವ ಐರೋಲಿ ಸೇತುವೆ. ಭಾನುವಾರ ಬೆಳಕು ಹರಿಯುವ ಮೊದಲೇ ಇಲ್ಲಿಂದ ಸೈಕಲ್ಲುಗಳು ಹೊರಡುತ್ತವೆ. ಕೆಲವು ಯೇಊರ್ ಬೆಟ್ಟದ ಏರಿಗೆ, ಕೆಲವು ಸೇತುವೆ ದಾಟಿ ಪಾರ್ಸಿಕ್, ಖಾರ್ಘರ್ ಗುಡ್ಡಗಳ ಕಡೆಗೆ.

ಆ ಸವಾರರ ಗುಂಪಿನಲ್ಲಿ ನನ್ನ ಬಳಿ ಸವಾರಿ ಕಲಿಯುವ ಒಬ್ಬ ಹುಡುಗನಿದ್ದಾನೆ. ಮನೆಯವರು ಕುಂದಾಪುರದ ಕಡೆಯವರು. ಒಂದು ವರ್ಷ ಅಗ್ಗದ ಗೇರ್ ಸೈಕಲ್ಲಿನಲ್ಲಿ ತುಳಿದು ಕಾಲು ಗಟ್ಟಿಯಾಗಿದೆ, ಕಲ್ಲು ದಾರಿಯ ಹೆದರಿಕೆ ಹೋಗಿದೆ. ಮೊನ್ನೆ ಕೇಳಿದ: “ಮಾಷ್ಟ್ರೇ, ಇನ್ನು ಒಳ್ಳೆಯದೊಂದು ಸೈಕಲ್ ತಗೊಳ್ಬೇಕು. ಮೂವತ್ತು ಸಾವಿರ ಕೂಡಿಟ್ಟಿದ್ದೇನೆ. ಯಾವುದು ತಗೊಳ್ಳಲಿ?”

ಮೊದಲ ಸೈಕಲ್ ಆಸೆಗೆ ಕೊಳ್ಳುವುದು. ಎರಡನೆಯದನ್ನು ಅರಿತು ಕೊಳ್ಳಬೇಕು. ಅಲ್ಲಿ ಎಡವಿದವರು ಎಷ್ಟೋ ಮಂದಿ ಸವಾರಿಯನ್ನೇ ಬಿಟ್ಟಿದ್ದನ್ನು ನೋಡಿದ್ದೇನೆ. ಆದ್ದರಿಂದ ಅವನಿಗೆ ಹೇಳಿದ್ದನ್ನೇ ನಿಮಗೂ ಸಮಾಧಾನವಾಗಿ ಹೇಳುತ್ತೇನೆ. ಆಮೇಲೆ ಬದಲಿಸಲಾಗದ ಭಾಗಗಳಿಗೆ ಮೊದಲು ಹಣ ಕೊಡಿ. ಸವೆದು ಹೋಗುವ ಭಾಗಗಳನ್ನು ನಿಧಾನವಾಗಿ ಉತ್ತಮವಾದವುಗಳಿಗೆ ಬದಲಿಸಿಕೊಳ್ಳಬಹುದು. ಈ ಒಂದು ಮಾತು ನೆನಪಿದ್ದರೆ ಅಂಗಡಿಯಲ್ಲಿ ಗೊಂದಲವಾಗುವುದಿಲ್ಲ.

ಮೊದಲು ದಾರಿ ನೋಡಿ

ನೀವು ಓಡಿಸುವ ದಾರಿ ಯಾವುದು? ಯೇಊರಿನದು ಡಾಂಬರು ರಸ್ತೆ. ಉದ್ದಕ್ಕೆ ಏರು, ಹಿಂತಿರುಗುವಾಗ ಉದ್ದಕ್ಕೆ ಇಳಿಜಾರು. ಖಾರ್ಘರ್ ಕಡೆ ಕಚ್ಚಾ ದಾರಿಗಳಿವೆ, ಕರಿಕಲ್ಲಿನ ಚೂರುಗಳಿವೆ. ರಜೆಗೆ ಊರಿಗೆ ಹೋದರೆ ಮುರಕಲ್ಲಿನ ಕೆಂಪು ಜಲ್ಲಿ. ಇವೆಲ್ಲಕ್ಕೂ ಹೊಂದುವುದು ಮುಂದಕ್ಕೆ ಮಾತ್ರ ಶಾಕ್ ಇರುವ ಸೈಕಲ್. ಸವಾರರು ಅದನ್ನು ಹಾರ್ಡ್‌ಟೇಲ್ ಎನ್ನುತ್ತಾರೆ.

ಇನ್ನೊಂದು ಮಾತನ್ನು ಖಡಾಖಂಡಿತವಾಗಿ ಹೇಳುತ್ತೇನೆ. ನಮ್ಮ ಬೆನ್ನಿಗಿರುವ ಕಾಡು ಚಿರತೆಗಳ ಮನೆ. ಅರಣ್ಯ ಇಲಾಖೆ ಬಿಟ್ಟಿರುವ ರಸ್ತೆ, ಬಿಟ್ಟಿರುವ ಹೊತ್ತು ಇವೆರಡನ್ನೂ ಮೀರಬೇಡಿ. ಬೇಲಿ ನುಸುಳಿ ಕಾಲುದಾರಿ ಹುಡುಕುವುದು ಸಾಹಸವಲ್ಲ. ಒಳ್ಳೆಯ ಸವಾರ ಕಾಡಿಗೂ ಒಳ್ಳೆಯವನಾಗಿರಬೇಕು.

ಮೈಗೆ ಕೂರುವ ಅಳತೆ

ಫ್ರೇಮಿನ ಅಳತೆಯನ್ನು ಆಮೇಲೆ ಯಾವ ಮಿಸ್ತ್ರಿಯೂ ಬದಲಿಸಲಾರ. ಹಾಗಾಗಿ ಅದಕ್ಕೇ ಮೊದಲ ಸ್ಥಾನ. ಸೈಕಲ್ಲಿನ ಮೇಲಿನ ಕೊಳವೆಗೆ ಆಚೀಚೆ ಕಾಲಿಟ್ಟು ನಿಂತು ನೋಡಿ. ಕೊಳವೆಗೂ ತೊಡೆಸಂದಿಗೂ ನಡುವೆ ಎರಡು ಮೂರು ಇಂಚಾದರೂ ಜಾಗವಿರಬೇಕು. ಆಮೇಲೆ ಸೀಟಿನಲ್ಲಿ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಪೂರಾ ಕೆಳಗಿರುವಾಗ ಮೊಣಕಾಲು ನೆಟ್ಟಗಾದರೆ ಸೀಟಿನ ಎತ್ತರ ಸರಿಯಾಗಿದೆ. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ತೋಳು ಚಾಚಿ ಹೆಗಲು ಎಳೆದ ಹಾಗಾದರೆ ಅದು ನಿಮ್ಮ ಸೈಕಲ್ ಅಲ್ಲ. “ಸ್ಟಾಕಿನಲ್ಲಿ ಈ ಸೈಜು ಮಾತ್ರ ಇದೆ, ರಿಯಾಯಿತಿ ಕೊಡುತ್ತೇವೆ” ಎಂದರೆ ನಮಸ್ಕಾರ ಹೇಳಿ ಹೊರಗೆ ಬನ್ನಿ.

ಆಕಾರವನ್ನೂ ಗಮನಿಸಿ. ಹಳೆಯ ನಮೂನೆಯ ಸೈಕಲ್ಲುಗಳಲ್ಲಿ ಮುಂದಿನ ಫೋರ್ಕ್ ಹೆಚ್ಚು ನೆಟ್ಟಗಿರುತ್ತದೆ, ನೆಲಕ್ಕೆ 71 ಡಿಗ್ರಿಯ ಆಸುಪಾಸು. ಕಚ್ಚಾ ದಾರಿಗೆಂದೇ ಇರುವ ಈಚಿನ ಟ್ರೇಲ್ ಸೈಕಲ್ಲುಗಳಲ್ಲಿ ಇದು 68 ಅಥವಾ ಅದಕ್ಕೂ ಕಡಿಮೆ. ಫೋರ್ಕ್ ಓರೆಯಾದಷ್ಟೂ ಮುಂದಿನ ಚಕ್ರ ಸವಾರನಿಂದ ದೂರಕ್ಕಿರುತ್ತದೆ. ಕಡಿದಾದ ಇಳಿಜಾರಿನಲ್ಲಿ ಹ್ಯಾಂಡಲ್ ಮೇಲಿಂದ ಮುಗ್ಗರಿಸುವ ಭಯ ಅಷ್ಟು ಕಡಿಮೆಯಾಗುತ್ತದೆ. ಈ ಕೋನವೂ ಬದಲಿಸಲಾಗದ್ದೇ. ಚಕ್ರದ ಅಳತೆ 27.5 ಅಥವಾ 29 ಇಂಚು ಇರಲಿ. ದೊಡ್ಡ ಚಕ್ರ ಕಲ್ಲು ಗುಂಡಿಗಳ ಮೇಲೆ ಸಲೀಸಾಗಿ ಉರುಳುತ್ತದೆ, ಚಿಕ್ಕದು ಗಿಡ್ಡನೆಯ ಸವಾರರಿಗೆ ಚೆನ್ನಾಗಿ ಒಗ್ಗುತ್ತದೆ. 26 ಇಂಚಿನ ಒಳ್ಳೆಯ ಟೈರುಗಳು ಸಿಗುವುದು ಈಗ ಕಷ್ಟವಾಗುತ್ತಿದೆ.

ಹಿಂಚಕ್ರದ ಗುಟ್ಟು

ಅಂಗಡಿಯವರು ಸಾಮಾನ್ಯವಾಗಿ ಹೇಳದ, ಆದರೆ ನೀವು ಕಣ್ಣಾರೆ ನೋಡಲೇಬೇಕಾದ ಜಾಗ ಹಿಂದಿನ ಹಬ್, ಅಂದರೆ ಚಕ್ರದ ನಡುಭಾಗ. ನನ್ನ ಹುಡುಗನ ಹಳೆಯ ಸೈಕಲ್ಲಿನ ಹಿಂದಿನ ಆಕ್ಸಲ್ ಎರಡು ಸಲ ಬಾಗಿತ್ತು. ಚಕ್ರ ಓಲಾಡುತ್ತಿತ್ತು, ಅವನು ತನ್ನ ಸವಾರಿಯದೇ ತಪ್ಪು ಎಂದುಕೊಂಡಿದ್ದ. ತಪ್ಪು ಅವನದಲ್ಲ.

ಕಾರಣ ಸರಳ. ಅಗ್ಗದ ಗೇರ್ ಸೈಕಲ್ಲುಗಳಲ್ಲಿ ಹಲ್ಲಿನ ಚಕ್ರಗಳ ಕಟ್ಟನ್ನು ಹಬ್ಬಿನ ಹೊರಗೆ ತಿರುಪಿ ಕೂರಿಸಿರುತ್ತಾರೆ. ಅದು ಫ್ರೀವೀಲ್. ಬಲಬದಿಯ ಬೇರಿಂಗ್ ಆ ಕಟ್ಟಿಗಿಂತ ಒಳಗೆ ಉಳಿಯುವುದರಿಂದ, ಆಕ್ಸಲ್ಲಿನ ಒಂದಿಷ್ಟು ಉದ್ದಕ್ಕೆ ಯಾವ ಆಸರೆಯೂ ಇರುವುದಿಲ್ಲ. ಗುಂಡಿಗೆ ಇಳಿಯುವ ಪ್ರತಿ ಏಟೂ ಆ ಜಾಗಕ್ಕೇ. ಕ್ಯಾಸೆಟ್ ಬಗೆಯ ಹಬ್ಬಿನಲ್ಲಿ ಬೇರಿಂಗ್ ತೀರ ಅಂಚಿನ ಹತ್ತಿರ ಕೂರುತ್ತದೆ, ಆಕ್ಸಲ್ ಬಾಗುವುದು ಅಪರೂಪ.

ಗುರುತಿಸುವುದು ಹೇಗೆ? ಚಕ್ರ ಬಿಚ್ಚಿಸಿ, ಹಲ್ಲುಗಳ ಕಟ್ಟನ್ನು ಕೈಯಲ್ಲಿ ಹಿಮ್ಮುಖವಾಗಿ ತಿರುಗಿಸಿ. ನಡುವಿನಲ್ಲಿ ಉಪಕರಣ ಹಾಕುವ ಸಣ್ಣ ಕಚ್ಚುಗಳಿರುವ ಉಂಗುರ ಹಲ್ಲುಗಳ ಜೊತೆಗೇ ತಿರುಗಿದರೆ ಕ್ಯಾಸೆಟ್. ಹಲ್ಲು ತಿರುಗಿ ಆ ಭಾಗ ಅಲುಗದಿದ್ದರೆ ಫ್ರೀವೀಲ್. ಹಿಂದೆ 7 ಹಲ್ಲಿನ ಚಕ್ರಗಳಿದ್ದರೆ ಹೆಚ್ಚಾಗಿ ಫ್ರೀವೀಲ್, 9 ಅಥವಾ ಹೆಚ್ಚಿದ್ದರೆ ಬಹುಮಟ್ಟಿಗೆ ಕ್ಯಾಸೆಟ್. 8 ಇದ್ದರೆ ತಿರುಗಿಸಿಯೇ ನೋಡಿ.

“21 ಗೇರ್, 24 ಗೇರ್” ಎಂಬ ಲೆಕ್ಕಕ್ಕೆ ಮರುಳಾಗಬೇಡಿ. ಮುಂದೆ ಒಂದೇ, ಹಿಂದೆ 9 ಅಥವಾ 10 ಹಲ್ಲಿನ ಚಕ್ರಗಳಿರುವ ಸೈಕಲ್ ಟ್ರೇಲಿಗೆ ಹೆಚ್ಚು ಅನುಕೂಲ. ಬದಲಿಸುವ ಗೊಂದಲ ಕಡಿಮೆ, ಚೈನ್ ಬೀಳುವುದೂ ಕಡಿಮೆ. ಶಿಮಾನೊ ಭಾಗಗಳ ಮೆಟ್ಟಿಲು ಕೆಳಗಿನಿಂದ ಮೇಲಕ್ಕೆ ಹೀಗೆ: ಟೂರ್ನಿ, ಆಲ್ಟಸ್, ಅಸೇರಾ, ಅಲಿವಿಯೊ, ಡಿಯೋರ್. 2023ರಲ್ಲಿ ಬಂದ ಕ್ಯೂಸ್ ಎಂಬ ಸರಣಿ ಇವುಗಳಲ್ಲಿ ಹಲವನ್ನು ಒಂದೇ ಸೂರಿನಡಿ ತರುತ್ತಿದೆ. ಕಲಿಯುತ್ತಿರುವ ಸವಾರನಿಗೆ ಆಲ್ಟಸ್, ಅಲಿವಿಯೊ ಧಾರಾಳ ಸಾಕು.

ಬ್ರೇಕಿನಿಂದ ಹುಟ್ಟಿದ ಆಟ

ಮೌಂಟನ್ ಬೈಕಿನ ಕಥೆ ಶುರುವಾದದ್ದೇ ಬ್ರೇಕಿನ ಪಾಡಿನಿಂದ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತ್ಯದ ಗೆಳೆಯರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಬೆಟ್ಟದ ಮೇಲಿಂದ ಮಣ್ಣಿನ ದಾರಿಯಲ್ಲಿ ಬಿಡುತ್ತಿದ್ದರು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಬ್ಬಿನೊಳಗೆ ಹಿಡಿಯುವ ಬ್ರೇಕು ಆ ಸೈಕಲ್ಲುಗಳದು. ಕೆಳಗೆ ತಲುಪುವಷ್ಟರಲ್ಲಿ ಹಬ್ ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲ ಹೊಸದಾಗಿ ಗ್ರೀಸ್ ತುಂಬಬೇಕಿತ್ತು. ಮತ್ತೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ‘ರೀಪ್ಯಾಕ್’ ಎನ್ನುತ್ತಾರೆ, ಆ ದಾರಿಗೂ ಅದೇ ಹೆಸರು ಬಿತ್ತು. 1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲ ಪಂದ್ಯ ನಡೆಯಿತು. ಮರುವರ್ಷ ಆ ಗೆಳೆಯರಲ್ಲಿ ಒಬ್ಬನಾದ ಜೋ ಬ್ರೀಜ್ ಬೆಟ್ಟಕ್ಕೆಂದೇ ಹೊಸ ಫ್ರೇಮ್ ಕಟ್ಟತೊಡಗಿದ.

ಇಂದಿಗೂ ಪಾಠ ಅದೇ. ನಂಬುವ ಬ್ರೇಕ್ ಇದ್ದರೆ ಧೈರ್ಯ ತಾನಾಗಿ ಬರುತ್ತದೆ. ತಂತಿಯಿಂದ ಎಳೆಯುವ ಡಿಸ್ಕ್ ಬ್ರೇಕ್ ಕೆಲಸ ಮಾಡುತ್ತದೆ ನಿಜ. ಆದರೆ ಯೇಊರಿನಂಥ ಉದ್ದ ಇಳಿಜಾರಿನಲ್ಲಿ ಬೆರಳು ನೋಯುತ್ತದೆ, ತಂತಿ ಸಡಿಲವಾಗುತ್ತದೆ. ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕಿಗೆ ಒಂದೇ ಬೆರಳು ಸಾಕು. ಶಿಮಾನೊದ ಆರಂಭದ ಮಟ್ಟದ ಹೈಡ್ರಾಲಿಕ್ ಬ್ರೇಕ್ ಕೂಡ ನಮ್ಮ ಗುಡ್ಡಗಳಿಗೆ ಸಾಲುತ್ತದೆ. ಅಂಗಡಿಯಲ್ಲಿ ಲಿವರ್ ಒತ್ತಿ ಹಿಡಿದು ಹತ್ತು ಎಣಿಸಿ. ಅದು ಮೆಲ್ಲಗೆ ಹ್ಯಾಂಡಲ್ ಕಡೆಗೆ ಇಳಿದರೆ ಒಳಗೆ ಗಾಳಿ ಸೇರಿದೆ, ಇಲ್ಲವೆ ಎಣ್ಣೆ ಸೋರುತ್ತಿದೆ.

ಟೈರು, ಫೋರ್ಕ್ ಮತ್ತು ‘ಡಬಲ್ ಶಾಕರ್’

ಕಡಿಮೆ ಖರ್ಚಿನಲ್ಲಿ ಸೈಕಲ್ಲಿನ ನಡೆ ಬದಲಿಸುವುದು ಟೈರು. 2.2 ಇಂಚಿನ ಆಸುಪಾಸಿನ ಅಗಲ, ಮುಂದಿನದಕ್ಕೆ ದೊಡ್ಡ ಗುಬುಟುಗಳು. ಗಾಳಿಯ ವಿಷಯದಲ್ಲಿ ತಾಳ್ಮೆಯಿರಲಿ. ಪಂಕ್ಚರ್ ಅಂಗಡಿಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗುವವರೆಗೆ ತುಂಬಿಬಿಡುತ್ತಾರೆ, ಆ ಟೈರು ಜಲ್ಲಿಯ ಮೇಲೆ ಪುಟಿಯುತ್ತದೆಯೇ ಹೊರತು ಹಿಡಿಯುವುದಿಲ್ಲ. 70 ಕಿಲೋ ತೂಕದವರು ಟ್ಯೂಬ್ ಟೈರಿಗೆ 30 ಪಿಎಸ್‌ಐ ಸುತ್ತಮುತ್ತ ಹಾಕಿ ನೋಡಲಿ. ತೀರ ಇಳಿಸಿದರೆ ರಿಮ್ ಮತ್ತು ಕಲ್ಲಿನ ನಡುವೆ ಸಿಕ್ಕಿ ಟ್ಯೂಬಿನಲ್ಲಿ ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ. ಗೇಜ್ ಇರುವ ಪಂಪು ಒಂದು ಮನೆಯಲ್ಲಿರಲಿ.

ಫೋರ್ಕಿಗೆ 100 ಮಿಲಿಮೀಟರ್ ಆಟ ಸಾಕು. ಸ್ಪ್ರಿಂಗ್ ಫೋರ್ಕ್ ಅಗ್ಗ, ಆದರೆ ಭಾರ, ಮತ್ತು ಎಲ್ಲರ ತೂಕಕ್ಕೂ ಒಂದೇ ಸ್ಪ್ರಿಂಗ್. ಗಾಳಿಯ ಫೋರ್ಕನ್ನು ನಿಮ್ಮ ಮೈತೂಕಕ್ಕೆ ಹೊಂದಿಸಬಹುದು. ಪೆಡಲ್ ಮೇಲೆ ಸುಮ್ಮನೆ ನಿಂತಾಗ ಅದು 20ರಿಂದ 25 ಮಿಲಿಮೀಟರ್ ಇಳಿದರೆ ಸರಿ. ಬಜೆಟ್ ಸಾಲದಿದ್ದರೆ ಚಿಂತೆ ಬೇಡ, ಫೋರ್ಕ್ ಆಮೇಲೆ ಬದಲಿಸಬಹುದಾದ ಭಾಗ. ಆದರೆ ಫ್ರೇಮಿನ ಮುಂಗೊಳವೆ ಕೆಳಗೆ ಅಗಲವಾಗಿರುವ ಟೇಪರ್ಡ್ ಬಗೆಯದಾಗಿರಲಿ. ಇಂದಿನ ಒಳ್ಳೆಯ ಫೋರ್ಕುಗಳೆಲ್ಲ ಹೆಚ್ಚುಕಡಿಮೆ ಅದಕ್ಕೇ ಕೂರುವಂಥವು.

ಹದಿನೈದು ಸಾವಿರಕ್ಕೆ ಮುಂದೂ ಹಿಂದೂ ಸ್ಪ್ರಿಂಗ್ ಇರುವ ‘ಡಬಲ್ ಶಾಕರ್’ ಸಿಗುತ್ತದೆ, ನೋಡಲು ಗಂಭೀರವಾಗಿಯೂ ಇರುತ್ತದೆ. ದಯವಿಟ್ಟು ಕೊಳ್ಳಬೇಡಿ. ಏರಿನಲ್ಲಿ ನೀವು ತುಳಿದ ಶಕ್ತಿಯನ್ನು ಹಿಂದಿನ ಸ್ಪ್ರಿಂಗೇ ನುಂಗುತ್ತದೆ, ಕೀಲುಗಳು ಬೇಗ ಸಡಿಲವಾಗುತ್ತವೆ. ನಿಜವಾದ ಫುಲ್ ಸಸ್ಪೆನ್ಷನ್ ಸೈಕಲ್ಲಿನ ಬೆಲೆ ಲಕ್ಷದ ಲೆಕ್ಕದ್ದು.

ಹಣವನ್ನು ಹಂಚುವುದು

ಸುಮಾರಾಗಿ ಹೇಳುವುದಾದರೆ, 20,000 ರೂಪಾಯಿಯೊಳಗೆ ಸಿಗುವುದು ಫ್ರೀವೀಲ್ ಹಬ್, ತಂತಿಯ ಡಿಸ್ಕ್, ಸ್ಪ್ರಿಂಗ್ ಫೋರ್ಕ್. 30,000ದಿಂದ 50,000ದ ನಡುವೆ ಕ್ಯಾಸೆಟ್ ಮತ್ತು ಹೈಡ್ರಾಲಿಕ್ ಬ್ರೇಕ್ ಕಾಣಿಸತೊಡಗುತ್ತವೆ. ಡೆಕಾಥ್ಲಾನ್‌ನ ರಾಕ್‌ರೈಡರ್, ಫೈರ್‌ಫಾಕ್ಸ್, ಸ್ಕಾಟ್‌ನ ಆಸ್ಪೆಕ್ಟ್, ಟ್ರೆಕ್‌ನ ಮಾರ್ಲಿನ್ ಹೀಗೆ ಹೆಸರುಗಳು ಹಲವು. ಒಂದೇ ಹೆಸರಿನಲ್ಲಿ ಹತ್ತು ಮಾದರಿಗಳಿರುವುದರಿಂದ ಹೆಸರಿಗಿಂತ ಭಾಗಗಳ ಪಟ್ಟಿಯನ್ನು ಓದಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ.

ಕೈಯಲ್ಲಿರುವ ಹಣವನ್ನೆಲ್ಲ ಸೈಕಲ್ಲಿಗೇ ಸುರಿಯಬೇಡಿ. ಹತ್ತರಲ್ಲಿ ಒಂದು ಪಾಲನ್ನಾದರೂ ಹೆಲ್ಮೆಟ್, ಪಂಪು, ಹೆಚ್ಚುವರಿ ಟ್ಯೂಬ್, ದೀಪಕ್ಕೆ ಎತ್ತಿಡಿ.

ಬಜೆಟ್ ಚಿಕ್ಕದಾದರೆ ಸೆಕೆಂಡ್ ಹ್ಯಾಂಡ್ ಒಳ್ಳೆಯ ದಾರಿ. ಮುಂಬಯಿಯಲ್ಲಿ ಮನೆ ಚಿಕ್ಕದು, ವರ್ಗಾವಣೆ ಹೆಚ್ಚು, ಹಾಗಾಗಿ ಹೆಚ್ಚು ಓಡದ ಸೈಕಲ್ಲುಗಳು ಮಾರಾಟಕ್ಕೆ ಬರುತ್ತಿರುತ್ತವೆ. ಫ್ರೇಮಿನ ಬೆಸುಗೆಗಳ ಬಳಿ, ಮುಖ್ಯವಾಗಿ ಮುಂಗೊಳವೆಯ ಹಿಂದೆ, ಕೂದಲೆಳೆಯಂಥ ಬಿರುಕಿದೆಯೇ ಎಂದು ಬೆಳಕಿನಲ್ಲಿ ನೋಡಿ. ಚೈನನ್ನು ಸ್ಕೇಲಿನಿಂದ ಅಳೆಯಿರಿ. ಹೊಸ ಚೈನಿನ 24 ಕೊಂಡಿಗಳ ಉದ್ದ ಸರಿಯಾಗಿ 12 ಇಂಚು. ಅದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಹೆಚ್ಚಿದ್ದರೆ ಚೈನ್ ಸವೆದಿದೆ, ಹಲ್ಲಿನ ಚಕ್ರಗಳೂ ಸವೆದಿರಬಹುದು. ಬೆಲೆ ಮಾತಾಡುವಾಗ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಮಳೆಗಾಲದ ಮಾತು

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ವರ್ಷವಿಡೀ ಖಾಡಿಯ ಉಪ್ಪುಗಾಳಿ. ಕೆಸರು ಸವಾರಿ ಮುಗಿಸಿ ಬಂದವರು ಸೈಕಲ್ಲನ್ನು ಸೊಸೈಟಿಯ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಹೊದಿಸಿ ನಿಲ್ಲಿಸುತ್ತಾರೆ. ಒಳಗೆ ಪಸೆ ಕೂತು ಮರುದಿನಕ್ಕೇ ಚೈನ್ ಕೆಂಪಾಗುತ್ತದೆ. ಬಕೆಟ್ ನೀರಿನಲ್ಲಿ ಕೆಸರು ತೊಳೆದು, ಹಳೆಯ ಬನಿಯನ್ನಿನಿಂದ ಚೈನ್ ಒರೆಸಿ, ಕೊಂಡಿಗೊಂದು ತೊಟ್ಟು ಎಣ್ಣೆ ಬಿಟ್ಟು, ಹೆಚ್ಚಿದ್ದನ್ನು ಒರೆಸಿಬಿಡಿ. ಎಣ್ಣೆ ಬ್ರೇಕಿನ ಡಿಸ್ಕಿಗೆ ತಾಗದಿರಲಿ, ತಾಗಿದರೆ ಪ್ಯಾಡುಗಳು ಕೆಲಸಕ್ಕೆ ಬಾರದೆ ಹೋಗುತ್ತವೆ. ಹತ್ತು ನಿಮಿಷದ ಈ ಕೆಲಸ ಮಾಡುವವರ ಕೈಯಲ್ಲಿ ಸಾಧಾರಣ ಸೈಕಲ್ ಕೂಡ ವರ್ಷಾನುಗಟ್ಟಲೆ ಬಾಳುತ್ತದೆ.

ನನ್ನ ಹುಡುಗ ಕೊನೆಗೆ ಕೊಂಡದ್ದು ಒಂದು ವರ್ಷ ಹಳೆಯ ಹಾರ್ಡ್‌ಟೇಲ್. ಅಳತೆ ಸರಿಯಿತ್ತು, ಹಿಂದೆ 9 ಹಲ್ಲಿನ ಚಕ್ರಗಳ ಕ್ಯಾಸೆಟ್, ಹೈಡ್ರಾಲಿಕ್ ಬ್ರೇಕ್. ಫೋರ್ಕ್ ಮಾತ್ರ ಸ್ಪ್ರಿಂಗಿನದು, ಬಣ್ಣ ಅವನಿಗೆ ಇಷ್ಟವಿಲ್ಲದ್ದು. ಉಳಿದ ದುಡ್ಡಿನಲ್ಲಿ ಮುಂದಿನ ಟೈರು ಮತ್ತು ಹೆಲ್ಮೆಟ್ ಬಂದವು. ಮೊದಲ ಭಾನುವಾರ ಯೇಊರಿನಿಂದ ಇಳಿಯುವಾಗ ಅವನ ಹಿಂದೆಯೇ ಬಂದೆ. ಹಿಂದೆಲ್ಲ ನಾಲ್ಕೂ ಬೆರಳು ಲಿವರಿನ ಮೇಲೆ ಬಿಗಿದು, ಹೆಗಲು ಕಿವಿಗೇರಿಸಿಕೊಂಡು ಇಳಿಯುತ್ತಿದ್ದವನು. ಅಂದು ಪ್ರತಿ ಬ್ರೇಕಿನ ಮೇಲೆ ಒಂದೊಂದೇ ಬೆರಳಿತ್ತು, ಕಣ್ಣು ಮುಂದಿನ ತಿರುವಿನ ಮೇಲಿತ್ತು.