ಫಿಟ್ಸ್ ಬಂದವರು ವಾಹನದ ಕೀಲಿ ಕೆಳಗಿಡಬೇಕಾದಾಗ

ನಮ್ಮ ಬೀದಿಯಲ್ಲಿ ಒಬ್ಬರು ಪಿಕಪ್ ಓಡಿಸುತ್ತಿದ್ದರು. ಸುಬ್‌ಹ್ ನಮಾಝ್‌ಗೆ ಮೊದಲೇ ಬಂದರಿಗೆ ಹೋಗಿ, ಮೀನು ತುಂಬಿಸಿಕೊಂಡು ಘಟ್ಟದ ಮೇಲಿನ ಪೇಟೆಗಳಿಗೆ ತಲುಪಿಸಿ, ಅಸರ್ ಹೊತ್ತಿಗೆ ಮನೆಗೆ ಬರುವುದು ಅವರ ದಿನಚರಿ. ವಯಸ್ಸು ನಲವತ್ತೊಂದು. ಒಂದು ದಿನ ಬೆಳಗಿನ ಜಾವ ಚಹಾದ ಲೋಟ ಕೈಯಲ್ಲಿ ಹಿಡಿದವರು ಹಾಗೇ ಬಿದ್ದರು. ಕೈಕಾಲು ಸೆಟೆದು ಅದುರಿದವು, ಬಾಯಲ್ಲಿ ನೊರೆ ಬಂತು. ಎರಡು ನಿಮಿಷದ ನಂತರ ನಿಂತಿತು. ಅರ್ಧ ಗಂಟೆ ಕಳೆದು ಎಚ್ಚರವಾದಾಗ ಅವರಿಗೆ ಏನೂ ನೆನಪಿರಲಿಲ್ಲ. ಹತ್ತು ದಿನಗಳಲ್ಲಿ ಮತ್ತೊಮ್ಮೆ ಹಾಗೆಯೇ ಆಯಿತು. ಆಸ್ಪತ್ರೆಯಲ್ಲಿ ಸ್ಕ್ಯಾನ್, ಇ.ಇ.ಜಿ. ಎಲ್ಲ ಮುಗಿಸಿದ ವೈದ್ಯರು ಮಾತ್ರೆ ಬರೆದುಕೊಟ್ಟು, ಎದ್ದು ಹೊರಡುವಾಗ ಒಂದು ಮಾತು ಹೇಳಿದರು: "ಇನ್ನು ಗಾಡಿ ಓಡಿಸಬೇಡಿ."

ರೋಗದ ಹೆಸರಿಗಿಂತ ಆ ಕೊನೆಯ ಮಾತೇ ಆ ಮನೆಯ ಮೇಲೆ ಸಿಡಿಲಿನಂತೆ ಬಿತ್ತು. ಪಿಕಪ್‌ನ ಸಾಲ ಇನ್ನೂ ತೀರಿರಲಿಲ್ಲ. ಸಂಜೆಗೆ ಸಂಬಂಧಿಕರೆಲ್ಲ ಕೂಡಿದರು. "ಆರ್‌ಟಿಓಗೆ ಹೇಳುವವರು ಯಾರು? ಮಾತ್ರೆ ತಿನ್ನುತ್ತಿದ್ದಾನಲ್ಲ, ಸಾಕು" ಎಂದರು ಒಬ್ಬರು. "ಇದು ಕಾಯಿಲೆಯಲ್ಲ, ಬೇರೆಯೇ ಏನೋ ಸೇರಿಕೊಂಡಿದೆ" ಎಂದರು ಇನ್ನೊಬ್ಬರು. ಈ ಎರಡೂ ಮಾತುಗಳು ನಮ್ಮ ಅನೇಕ ಮನೆಗಳಲ್ಲಿ ಕೇಳಿಬರುತ್ತವೆ. ಆದ್ದರಿಂದ ಈ ಸಲ ಇದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಓಡಿಸಬಾರದು ಏಕೆ?

ಮೆದುಳಿನ ಜೀವಕೋಶಗಳು ಒಂದಕ್ಕೊಂದು ವಿದ್ಯುತ್ ಸಂಕೇತಗಳ ಮೂಲಕ ಮಾತಾಡಿಕೊಳ್ಳುತ್ತವೆ. ಆ ಸಂಕೇತಗಳು ಹಠಾತ್ತನೆ ಮಿತಿಮೀರಿ ಹೊಮ್ಮಿದಾಗ ಬರುವುದೇ ಫಿಟ್ಸ್. ಪ್ರಚೋದನೆಯಿಲ್ಲದೆ ಮತ್ತೆ ಮತ್ತೆ ಬಂದರೆ ಅದನ್ನು ಅಪಸ್ಮಾರ ಅಥವಾ ಮೂರ್ಛೆರೋಗ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಇದು ಇದೆ. ಎಲ್ಲರೂ ಬಿದ್ದು ಒದ್ದಾಡುವುದಿಲ್ಲ. ಕೆಲವರು ಕುಳಿತಲ್ಲೇ ಅರ್ಧ ನಿಮಿಷ ಶೂನ್ಯದತ್ತ ನೋಡುತ್ತಾರೆ, ತುಟಿ ಚಪ್ಪರಿಸುತ್ತಾರೆ, ಅಂಗಿಯ ಗುಂಡಿ ಹಿಡಿದು ಎಳೆಯುತ್ತಾರೆ. ಕರೆದರೆ ಉತ್ತರವಿಲ್ಲ. ಆಮೇಲೆ ಏನೂ ಆಗದವರಂತೆ ಮಾತು ಮುಂದುವರಿಸುತ್ತಾರೆ. ಮನೆಯವರು ಇದನ್ನು ಗಮನವಿಲ್ಲದಿರುವಿಕೆ ಎಂದು ತಿಳಿಯುತ್ತಾರೆ.

ಒಂದು ಸಣ್ಣ ಲೆಕ್ಕ ಮಾಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಮೂವತ್ತು ಸೆಕೆಂಡ್ ಪ್ರಜ್ಞೆ ಇಲ್ಲದಿದ್ದರೆ ಆ ಗಾಡಿ ಚಾಲಕನಿಲ್ಲದೆ ಅರ್ಧ ಕಿಲೋಮೀಟರ್ ಹೋದಂತೆ. ಆ ಅರ್ಧ ಕಿಲೋಮೀಟರ್‌ನಲ್ಲಿ ಒಂದು ಶಾಲೆಯಿರಬಹುದು, ಬಸ್ಸಿಗೆ ಕಾದು ನಿಂತವರಿರಬಹುದು.

"ನನಗೆ ಬರುವ ಮೊದಲೇ ಗೊತ್ತಾಗುತ್ತದೆ, ಬದಿಗೆ ನಿಲ್ಲಿಸುತ್ತೇನೆ" ಎನ್ನುವವರಿದ್ದಾರೆ. ಹೊಟ್ಟೆಯೊಳಗಿಂದ ಏನೋ ಮೇಲೇರಿದಂತೆ, ಯಾವುದೋ ವಾಸನೆ ಬಂದಂತೆ ಕೆಲವರಿಗೆ ಮುನ್ಸೂಚನೆ ಸಿಗುವುದು ನಿಜ. ಆದರೆ ಅದು ಪ್ರತಿ ಸಲ ಬರುವುದಿಲ್ಲ, ಬಂದರೂ ಕೆಲವೇ ಕ್ಷಣ. ಘಟ್ಟದ ತಿರುವಿನಲ್ಲಿ ಆ ಕೆಲವು ಕ್ಷಣಗಳನ್ನು ನಂಬಿ ಹೋಗುವುದನ್ನು ನಾನಂತೂ ಧೈರ್ಯ ಎಂದು ಕರೆಯಲಾರೆ.

ಕಾನೂನು ಏನು ಹೇಳುತ್ತದೆ?

ಲೈಸೆನ್ಸಿಗೆ ಅರ್ಜಿ ಹಾಕುವಾಗ ತುಂಬುವ ಫಾರಂ 1 ರಲ್ಲಿ, ನಿಮಗೆ ಅಪಸ್ಮಾರ ಅಥವಾ ಯಾವುದೇ ಕಾರಣದಿಂದ ಹಠಾತ್ ಪ್ರಜ್ಞೆ ತಪ್ಪುವ, ತಲೆಸುತ್ತು ಬರುವ ತೊಂದರೆ ಇದೆಯೇ ಎಂಬ ಪ್ರಶ್ನೆ ಇದೆ. ಹೆಚ್ಚಿನವರು ಓದದೆಯೇ "ಇಲ್ಲ" ಎಂದು ಗುರುತು ಹಾಕುತ್ತಾರೆ. ಅದರ ಕೆಳಗಿನ ಸಹಿ ಒಂದು ಘೋಷಣೆ ಎಂಬುದು ನೆನಪಿರುವುದಿಲ್ಲ. ನಲವತ್ತು ದಾಟಿದವರು ಮತ್ತು ಬಾಡಿಗೆ ವಾಹನ ಓಡಿಸುವವರು ವೈದ್ಯರಿಂದ ಫಾರಂ 1ಎ ಪ್ರಮಾಣಪತ್ರವನ್ನೂ ತರಬೇಕು. ರೋಗಿಯ ಮುಖವನ್ನೂ ನೋಡದೆ ಅದಕ್ಕೆ ಮುದ್ರೆ ಒತ್ತಿಕೊಡುವ ಜಾಗಗಳು ಎಲ್ಲ ಊರಿನಲ್ಲೂ ಇವೆ. ಅಂಥ ಕಾಗದದಿಂದ ನಿಮ್ಮ ಮೆದುಳು ಮೋಸ ಹೋಗುವುದಿಲ್ಲ.

ಲೈಸೆನ್ಸ್ ಪಡೆದ ನಂತರ ರೋಗ ಬಂದರೆ, 1988ರ ಮೋಟಾರು ವಾಹನಗಳ ಕಾಯ್ದೆಯ 16ನೇ ಕಲಮು ಅನ್ವಯವಾಗುತ್ತದೆ. ಚಾಲಕ ಅನರ್ಹನೆಂದು ನಂಬಲು ಸಕಾರಣ ಇದ್ದರೆ ಪರವಾನಗಿ ಅಧಿಕಾರಿ ಲೈಸೆನ್ಸ್ ರದ್ದು ಮಾಡಬಹುದು, ಅಥವಾ ವೈದ್ಯಕೀಯ ಪ್ರಮಾಣಪತ್ರ ತರಲು ಹೇಳಬಹುದು. ರದ್ದು ಮಾಡಿದರೆ ಕಾರಣ ಸಹಿತ ಲಿಖಿತ ಆದೇಶ ಕೊಡಬೇಕು. ಅದು ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಲು ನಿಮಗೆ ಹಕ್ಕಿದೆ. ಅನಾರೋಗ್ಯ ಗೊತ್ತಿದ್ದೂ ಸಾರ್ವಜನಿಕರಿಗೆ ಅಪಾಯವಾಗುವಂತೆ ಗಾಡಿ ಓಡಿಸುವುದು 186ನೇ ಕಲಮಿನ ಪ್ರಕಾರ ಅಪರಾಧ. ದಂಡ ಮೊದಲ ಸಲ ಒಂದು ಸಾವಿರ ರೂಪಾಯಿಯವರೆಗೆ ಎಂದು ಕೇಳಿ ಯಾರೂ ನಗಬೇಡಿ. ಅಪಘಾತವಾದರೆ ಬರುವ ಕ್ರಿಮಿನಲ್ ಪ್ರಕರಣ, ವಿಮಾ ಕಂಪನಿಯ ತಕರಾರು, ಪರಿಹಾರದ ಹೊರೆ ಬೇರೆಯೇ. ಮನೆ ಮಾರಿದರೂ ಅದು ತೀರದೇ ಹೋಗಬಹುದು.

ಇಲ್ಲಿ ನಮ್ಮ ಕಾನೂನಿನ ಒಂದು ಕೊರತೆಯನ್ನೂ ಹೇಳಬೇಕು. ಬ್ರಿಟನ್‌ನಲ್ಲಿ ಅಪಸ್ಮಾರವಿರುವವರು ಸಾಮಾನ್ಯವಾಗಿ 12 ತಿಂಗಳು ಫಿಟ್ಸ್ ಇಲ್ಲದೆ ಕಳೆದರೆ ಕಾರು, ಬೈಕು ಓಡಿಸಲು ಮತ್ತೆ ಅರ್ಜಿ ಹಾಕಬಹುದು. ಲಾರಿ, ಬಸ್ಸಿಗಾದರೆ ಔಷಧಿಯೂ ಇಲ್ಲದೆ 10 ವರ್ಷ ಕಳೆದಿರಬೇಕು. ನಮ್ಮಲ್ಲಿ ಹೀಗೆ ನಿರ್ದಿಷ್ಟ ಅವಧಿಯೇ ಇಲ್ಲ. ಹತ್ತು ವರ್ಷ ಒಂದೂ ಫಿಟ್ಸ್ ಬಾರದವರಿಗೂ ಫಾರಂನ ಪ್ರಶ್ನೆ ಅದೇ. ಜನ ಮುಚ್ಚಿಡಲು ಇದೂ ಒಂದು ಕಾರಣ. ಇದನ್ನು ಬದಲಿಸಬೇಕೆಂದು ನರರೋಗ ತಜ್ಞರು ಬಹಳ ಕಾಲದಿಂದ ಹೇಳುತ್ತಿದ್ದಾರೆ, ಅವರ ಮಾತು ನ್ಯಾಯವಾದದ್ದು. ಆದರೆ ಕಾನೂನು ಬದಲಾಗುವ ತನಕ ಮುಚ್ಚಿಟ್ಟುಕೊಂಡು ಓಡಿಸುವುದು ಅದಕ್ಕೆ ಉತ್ತರವಲ್ಲ.

"ಬೇರೆಯೇ ಏನೋ ಸೇರಿಕೊಂಡಿದೆ"

ಪ್ರವಾದಿವರ್ಯರ(ಸ) ಬಳಿಗೆ ಅಪಸ್ಮಾರವಿದ್ದ ಒಬ್ಬ ಮಹಿಳೆ ಬಂದ ಘಟನೆಯನ್ನು ಇಬ್ನು ಅಬ್ಬಾಸ್‌ರಿಂದ(ರ) ಬಂದ ವರದಿಯಾಗಿ ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳು ದಾಖಲಿಸಿವೆ. ಫಿಟ್ಸ್ ಬಂದಾಗ ತನ್ನ ಮೈಮೇಲಿನ ಬಟ್ಟೆ ಸರಿಯುತ್ತದೆ ಎಂಬುದು ಆಕೆಯ ಚಿಂತೆಯಾಗಿತ್ತು. ಪ್ರವಾದಿ(ಸ) ಆಕೆಯನ್ನು ಯಾರದೋ ಹಿಡಿತಕ್ಕೆ ಸಿಕ್ಕವಳೆಂದು ದೂರ ತಳ್ಳಲಿಲ್ಲ. ಆಕೆ ಸಹನೆಯನ್ನು ಆರಿಸಿಕೊಂಡು, ಮೈ ಬಯಲಾಗದಂತೆ ಪ್ರಾರ್ಥಿಸಲು ಕೋರಿದಾಗ ಹಾಗೆಯೇ ಪ್ರಾರ್ಥಿಸಿದರು. ಕಾಯಿಲೆಗಿಂತ ಜನರ ಮುಂದೆ ಮಾನ ಹೋಗುವ ಭಯವೇ ಅಪಸ್ಮಾರವಿರುವವರನ್ನು ಇಂದಿಗೂ ಹಿಂಡುತ್ತದೆ. ಆದ್ದರಿಂದ ಯಾರಿಗಾದರೂ ಫಿಟ್ಸ್ ಬಂದರೆ ಗುಂಪು ಚದುರಿಸಿ, ಮೈಮೇಲೊಂದು ಬಟ್ಟೆ ಹೊದಿಸಿ, ಫೋನಿನಲ್ಲಿ ಚಿತ್ರ ತೆಗೆಯುವವರನ್ನು ಆಚೆ ಕಳಿಸಿ. ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಅದುರಾಟ ನಿಂತ ಕೂಡಲೇ ಮಗ್ಗುಲಿಗೆ ಹೊರಳಿಸಿ. ಕೈಗೆ ಕಬ್ಬಿಣದ ಕೀಲಿ, ಮೂಗಿಗೆ ಈರುಳ್ಳಿ, ಹಲ್ಲಿನ ನಡುವೆ ಚಮಚ ಯಾವುದೂ ಬೇಡ. ಐದು ನಿಮಿಷ ದಾಟಿದರೂ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ.

ಇನ್ನೊಂದು ತಪ್ಪು ಕಲ್ಪನೆ. ನಮ್ಮ ದೇಶದಲ್ಲಿ ಫಿಟ್ಸ್‌ಗೆ ಒಂದು ಮುಖ್ಯ ಕಾರಣ ಹಂದಿಯ ಲಾಡಿಹುಳದ ಮರಿ ಮೆದುಳಿನಲ್ಲಿ ಗೂಡುಕಟ್ಟುವುದು. "ನಾವು ಹಂದಿ ಮುಟ್ಟುವುದೇ ಇಲ್ಲ, ನಮಗೆ ಹೇಗೆ?" ಎಂದು ಆ ಪಿಕಪ್ ಚಾಲಕರ ತಾಯಿಯೂ ಕೇಳಿದರು. ಮೆದುಳಿಗೆ ಬರುವುದು ಹಂದಿ ಮಾಂಸದಿಂದಲ್ಲ. ಹೊಟ್ಟೆಯಲ್ಲಿ ಈ ಹುಳವಿರುವ ಮನುಷ್ಯರ ಮಲದಲ್ಲಿ ಮೊಟ್ಟೆಗಳಿರುತ್ತವೆ. ಅವು ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪು, ಹಸಿ ತರಕಾರಿ, ಶೌಚದ ನಂತರ ತೊಳೆಯದ ಕೈಗಳ ಮೂಲಕ ಯಾರ ಹೊಟ್ಟೆಗೂ ಹೋಗಬಹುದು. ಪಕ್ಕಾ ಸಸ್ಯಾಹಾರಿಗಳಿಗೂ ಇದು ಬರುತ್ತದೆ. ಕೊತ್ತಂಬರಿ, ಪುದೀನ, ಸೌತೆ, ಮೂಲಂಗಿಯನ್ನು ಹಸಿಯಾಗಿ ತಿನ್ನುವಾಗ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಅಡುಗೆಯವರ, ಹೋಟೆಲಿನವರ ಕೈಶುದ್ಧಿಯನ್ನು ವಿಚಾರಿಸಲು ಸಂಕೋಚ ಬೇಡ.

ಮಾತ್ರೆ, ನಿದ್ರೆ, ರಮಝಾನ್

ಸರಿಯಾದ ಚಿಕಿತ್ಸೆ ಸಿಕ್ಕಿದರೆ ನೂರರಲ್ಲಿ ಎಪ್ಪತ್ತು ಮಂದಿಯವರೆಗೆ ಫಿಟ್ಸ್ ಇಲ್ಲದೆ ಬಾಳಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಎಪ್ಪತ್ತರಲ್ಲಿ ಒಬ್ಬರಾಗಲು ಮಾತ್ರೆ ತಪ್ಪಿಸಬಾರದು, ಅಷ್ಟೇ. ಮೂರು ತಿಂಗಳು ಏನೂ ಆಗದಿದ್ದರೆ "ಗುಣವಾಯಿತು" ಎಂದು ತಾವೇ ನಿಲ್ಲಿಸುವವರು ಬಹಳ. ಹಾಗೆ ಹಠಾತ್ ನಿಲ್ಲಿಸಿದರೆ ಬರುವ ಫಿಟ್ಸ್ ಮೊದಲಿನದಕ್ಕಿಂತ ಕೆಟ್ಟದ್ದಾಗಬಹುದು, ಜೀವಕ್ಕೂ ಕುತ್ತಾಗಬಹುದು.

ರಮಝಾನ್‌ಗೆ ಒಂದು ತಿಂಗಳ ಮೊದಲೇ ವೈದ್ಯರನ್ನು ಕಾಣಿ. ದಿನಕ್ಕೆ ಒಂದು ಅಥವಾ ಎರಡು ಸಲದ ಮಾತ್ರೆಯಾದರೆ ಸಹರಿ ಮತ್ತು ಇಫ್ತಾರ್‌ಗೆ ಹೊಂದಿಸಲು ಕೆಲವೊಮ್ಮೆ ಸಾಧ್ಯ. ಮೂರು ಸಲ ತೆಗೆದುಕೊಳ್ಳುವವರು ತಾವಾಗಿ ಒಂದನ್ನು ಬಿಡಬಾರದು. ಹೊಟ್ಟೆಗಿಂತಲೂ ದೊಡ್ಡ ತೊಂದರೆ ನಿದ್ರೆಯದು. ತರಾವೀಹ್ ಮುಗಿಸಿ ಹರಟೆ, ಆಮೇಲೆ ಸಹರಿ, ಬೆಳಗ್ಗೆ ಮತ್ತೆ ಕೆಲಸ. ನಿದ್ರೆಗೇಡು ಫಿಟ್ಸ್‌ಗೆ ನೇರ ಆಹ್ವಾನ. ರೋಗಿಗೆ ಉಪವಾಸದಿಂದ ವಿನಾಯಿತಿ ಇರುವುದು ಕುರ್‌ಆನಿನಲ್ಲೇ. ವೈದ್ಯರು ಬೇಡವೆಂದರೆ, ಆ ವಿನಾಯಿತಿ ತೆಗೆದುಕೊಂಡವರನ್ನು ಮನೆಯವರು ಬೇರೆ ಕಣ್ಣಿನಿಂದ ನೋಡಬಾರದು.

ಇತರ ಎಚ್ಚರಿಕೆಗಳೂ ಇವೆ: ಸ್ನಾನದ ಮನೆಗೆ ಒಳಗಿನಿಂದ ಚಿಲಕ ಹಾಕಬೇಡಿ, ಮಸೀದಿಯ ಆಳದ ಕೆರೆಯಲ್ಲಿ ಒಬ್ಬರೇ ವುಝೂ ಮಾಡಬೇಡಿ, ಬಾವಿಕಟ್ಟೆ ಏರಬೇಡಿ. ರೋಗಿ ಯುವತಿಯಾಗಿದ್ದರೆ ಮದುವೆಗೆ, ಗರ್ಭಕ್ಕೆ ಮೊದಲೇ ಮಾತ್ರೆಯ ಬಗ್ಗೆ ವೈದ್ಯರೊಂದಿಗೆ ಮಾತಾಡಬೇಕು. ವಾಲ್‌ಪ್ರೊಯೇಟ್ ಎಂಬ ಔಷಧಿ ಗರ್ಭದ ಮಗುವಿಗೆ ಹಾನಿ ಮಾಡಬಹುದು.

ಕೀಲಿ ಕೆಳಗಿಟ್ಟ ಮೇಲೆ

ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದವನಿಗೆ ಲೈಸೆನ್ಸ್ ಎಂದರೆ ಬರೀ ಒಂದು ಕಾರ್ಡ್ ಅಲ್ಲ. ರಾತ್ರಿ ಯಾರದೋ ಹೆರಿಗೆಗೆ ಎದ್ದು ಓಡುತ್ತಿದ್ದವನು, ಜುಮಾಕ್ಕೆ ಮುದುಕರನ್ನು ಕೂರಿಸಿಕೊಂಡು ಹೋಗುತ್ತಿದ್ದವನು ಈಗ ತಾನೇ ಇನ್ನೊಬ್ಬರ ಗಾಡಿಗೆ ಕೈ ಅಡ್ಡ ಹಾಕಬೇಕು. ನಮ್ಮ ಚಾಲಕರು ಎರಡು ವಾರ ಮನೆಯಿಂದ ಹೊರಗೇ ಬರಲಿಲ್ಲ. ಮಕ್ಕಳ ಮೇಲೆ ರೇಗಿದರು. ಇದು ಒಂದು ಬಗೆಯ ದುಃಖವೇ, ಸತ್ತವರಿಗಾಗಿ ಪಡುವ ದುಃಖದಂತೆ ಅದಕ್ಕೂ ಸಮಯ ಬೇಕು. "ಸಬ್ರ್ ಮಾಡು" ಎಂದು ಹೇಳಿ ಎದ್ದು ಹೋಗುವುದು ಸುಲಭ. ಪಕ್ಕದಲ್ಲಿ ಕುಳಿತು ಅರ್ಧ ಗಂಟೆ ಅವರ ಮಾತು ಕೇಳುವುದು ಕಷ್ಟ, ಆದರೆ ಬೇಕಾದದ್ದು ಅದೇ. ಅಪಸ್ಮಾರವಿರುವವರಲ್ಲಿ ಖಿನ್ನತೆ ಹೆಚ್ಚು. ಲೆವೆಟಿರಸಿಟಾಮ್‌ನಂತಹ ಮಾತ್ರೆಗಳಿಂದ ಕೆಲವರಿಗೆ ಸಿಟ್ಟು, ಸಿಡುಕು ಬರುವುದೂ ಉಂಟು. ಸ್ವಭಾವ ಬದಲಾಯಿತೆಂದು ಜಗಳವಾಡುವ ಮೊದಲು ವೈದ್ಯರಿಗೆ ತಿಳಿಸಿ, ಮಾತ್ರೆ ಬದಲಿಸಲು ದಾರಿ ಇದೆ. ದೊಡ್ಡ ಸಲಹೆ ಬೇಕೆನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಮತ್ತು ಮನೋರೋಗ ಎರಡೂ ವಿಭಾಗಗಳಿವೆ.

ದುಡಿಮೆಯ ಮಾತಿಗೆ ಬರೋಣ. ಮೊದಲ ಕೆಲಸ, ಕಂತು ತಪ್ಪುವ ಮುನ್ನವೇ ಸಾಲ ಕೊಟ್ಟವರ ಬಳಿ ಹೋಗಿ ಮಾತಾಡುವುದು. ಮೂರು ಕಂತು ಬಾಕಿಯಾದ ನಂತರ ಹೋದವರಿಗೆ ಸಿಗುವ ಮಾತೇ ಬೇರೆ. ಎರಡನೆಯದು, ಇಷ್ಟು ವರ್ಷದ ದುಡಿಮೆಯಲ್ಲಿ ಚಾಲನೆಯ ಹೊರತಾಗಿ ಏನು ಗೊತ್ತಿದೆ ಎಂದು ಯೋಚಿಸುವುದು. ನಮ್ಮ ಚಾಲಕರಿಗೆ ಯಾವ ದೋಣಿಯ ಮೀನು ಎಂಥದ್ದು, ಯಾವ ಪೇಟೆಯವರು ಹಣ ಸರಿಯಾಗಿ ಕೊಡುತ್ತಾರೆ ಎಂಬುದೆಲ್ಲ ಬಾಯಿಪಾಠ. ಈಗ ಅಕ್ಕನ ಮಗ ಗಾಡಿ ಓಡಿಸುತ್ತಾನೆ, ಇವರು ಬಂದರಿನಲ್ಲಿ ನಿಂತು ಖರೀದಿ ಮಾಡಿ, ಫೋನಿನಲ್ಲಿ ಆರ್ಡರ್ ನೋಡಿಕೊಳ್ಳುತ್ತಾರೆ. ಆದಾಯ ಇಬ್ಬರಿಗೆ ಹಂಚಿಹೋಗುವುದರಿಂದ ಮೊದಲಿನಷ್ಟು ಉಳಿಯುವುದಿಲ್ಲ, ಅದನ್ನು ಮುಚ್ಚಿಡುವುದೇಕೆ. ಎಲ್ಲರಿಗೂ ಅಕ್ಕನ ಮಗ ಇರುವುದಿಲ್ಲ ಎಂಬುದೂ ನಿಜ. ಜಮಾಅತ್‌ನ ಝಕಾತ್, ಸಹಾಯನಿಧಿ ನೋಡಿಕೊಳ್ಳುವವರು ಇಂಥ ಮನೆಗಳಿಗೆ ಅಕ್ಕಿಯ ಚೀಲ ಕಳಿಸುವುದಕ್ಕಿಂತ ಒಂದು ಸಣ್ಣ ಅಂಗಡಿಗೆ ನೆರವಾಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಎಲ್ಲ ರೋಗದಲ್ಲೂ ಲೈಸೆನ್ಸ್ ಶಾಶ್ವತವಾಗಿ ಹೋಗುವುದಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಕಣ್ಣಿನ ಪೊರೆಯಾದರೆ ಶಸ್ತ್ರಚಿಕಿತ್ಸೆಯ ನಂತರ ಹೆಚ್ಚಿನವರು ಮತ್ತೆ ಓಡಿಸಬಹುದು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಹೊರಡುವ ಮೊದಲು ಸಕ್ಕರೆ ನೋಡಿಕೊಂಡು, ಜೇಬಿನಲ್ಲಿ ಗ್ಲುಕೋಸ್ ಇಟ್ಟುಕೊಳ್ಳಬೇಕು.

ಮನೆಯ ಓಡಾಟಕ್ಕೆ ಏನು ಮಾಡುವುದು? ಆ ಮನೆಯಲ್ಲಿ ಉತ್ತರ ಕೊಟ್ಟವರು ಚಾಲಕರ ಹೆಂಡತಿ. ಮಗಳನ್ನು ಕಾಲೇಜಿಗೆ, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯಲು ದಿನಾ ರಿಕ್ಷಾಕ್ಕೆ ದುಡ್ಡೆಲ್ಲಿ? ಸ್ಕೂಟರ್ ಕಲಿಯುತ್ತೇನೆ ಎಂದಾಗ ಮನೆಯಲ್ಲಿ ಸ್ವಲ್ಪ ಗೊಣಗಾಟ ಆಯಿತು. ಸೌದಿ ಅರೇಬಿಯದಲ್ಲೇ 2018ರ ಜೂನ್‌ನಿಂದ ಹೆಂಗಸರು ಕಾರು ಓಡಿಸುತ್ತಿದ್ದಾರೆ ಎಂದು ಅಲ್ಲಿ ಕೆಲಸಕ್ಕಿರುವ ಮೈದುನನೇ ಫೋನಿನಲ್ಲಿ ಹೇಳಿದ ಮೇಲೆ ಗೊಣಗಾಟ ನಿಂತಿತು. ಆರು ತಿಂಗಳ ಅವಧಿಯ ಕಲಿಕಾ ಲೈಸೆನ್ಸ್ ಪಡೆದು, ಮೂವತ್ತು ದಿನ ಕಳೆದ ಬಳಿಕ ಪರೀಕ್ಷೆಗೆ ಹೋಗಬಹುದು. ಅವರು ಎರಡನೆಯ ಪ್ರಯತ್ನದಲ್ಲಿ ಪಾಸಾದರು. ಎಂಟು ಹಾಕುವಾಗ ಮೊದಲ ಸಲ ಕಾಲು ನೆಲಕ್ಕೆ ತಾಗಿತ್ತಂತೆ.

ಫಿಟ್ಸ್ ಹತೋಟಿಗೆ ಬರುವ ತನಕ ಸ್ಕೂಟರಿನ ಹಿಂಬದಿಯಲ್ಲಿ ಕೂರುವುದೂ ಅಪಾಯವೇ, ಆದ್ದರಿಂದ ಗಂಡ ಮೊದಲೆಲ್ಲ ಬಸ್ಸಿನಲ್ಲೇ ಓಡಾಡಿದರು. ಕಳೆದ ತಿಂಗಳು ವೈದ್ಯರು ಆಗಬಹುದು ಎಂದಿದ್ದಾರೆ. ಈಗ ಶುಕ್ರವಾರ ಹೆಲ್ಮೆಟ್ ಹಾಕಿ ಹೆಂಡತಿಯ ಹಿಂದೆ ಕುಳಿತು ಮಸೀದಿಗೆ ಬರುತ್ತಾರೆ, ದಾರಿಯುದ್ದಕ್ಕೂ ಬ್ರೇಕ್ ಹಿಡಿ, ಹಾರ್ನ್ ಹಾಕು ಎಂದು ಹೇಳಿಕೊಡುತ್ತಾ.